ಹೆಗಲಿಗೆಂದು ಬೆಳೆಸಿದ ಮೈ

ದೊಡ್ಡಪ್ಪ ತೀರಿಕೊಂಡಾಗ ನನಗೆ ನಲವತ್ತಾರು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದ ಮೂಲೆಯಲ್ಲೇ ಮಣ್ಣು ಮಾಡುವುದು ವಾಡಿಕೆ. ಅಕ್ಕಿಹೆಬ್ಬಾಳಿನ ನಮ್ಮ ಮನೆಯಿಂದ ದೊಡ್ಡಪ್ಪನ ಹೊಲಕ್ಕೆ ಕಾಲುವೆ ಏರಿಯ ಮೇಲೆ ಮುಕ್ಕಾಲು ಮೈಲಿ ನಡೆಯಬೇಕು. ಏರಿಯ ಮೇಲೆ ಯಾವ ವಾಹನವೂ ಬರುವುದಿಲ್ಲ, ಹೆಗಲೇ ಗತಿ. ಹಿರಿಮಗ ಬೆಂಕಿ ಮಡಕೆ ಹಿಡಿದು ಮುಂದೆ ನಡೆಯುತ್ತಾನೆ. ಉಳಿದ ಗಂಡುಮಕ್ಕಳು, ತಮ್ಮನ ಮಕ್ಕಳು ಚಟ್ಟ ಹೊರುತ್ತಾರೆ. ನನ್ನ ಪಾಲಿಗೆ ಮುಂದಿನ ಬಲಮೂಲೆ ಬಂತು.

ಅರ್ಧ ದಾರಿಯಲ್ಲಿ ನನ್ನ ಮಂಡಿ ಮಡಚಿಕೊಂಡಿತು. ಚಟ್ಟ ಒಂದು ಕಡೆಗೆ ವಾಲಿ, ದೊಡ್ಡಪ್ಪನ ಎದೆಯ ಮೇಲಿದ್ದ ಹಾರ ಜಾರಿ ಕಾಲುವೆಗೆ ಬಿತ್ತು. ಹಿಂದಿನಿಂದ ಒಬ್ಬ ಹಿರಿಯರು ಬಂದರು. ಬೈಯುವ ದನಿಯಲ್ಲೇನೂ ಅಲ್ಲ, "ಬುಡ್ಲಾ, ನಿನ್ ಕೈಲಾಗಾಕಿಲ್ಲ" ಎಂದು ತಮ್ಮ ಮಗನ ಹೆಗಲನ್ನು ನನ್ನ ಜಾಗಕ್ಕೆ ಕೊಟ್ಟರು. ಉಳಿದ ದಾರಿಯನ್ನು ನಾನು ಕೈಬೀಸಿಕೊಂಡು ನಡೆದೆ. ಬೈದಿದ್ದರೆ ವಾಸಿಯಿತ್ತು.

ಅಪ್ಪ ಹಿಂದೆಯೇ ಬರುತ್ತಿದ್ದ. ಎಲ್ಲವನ್ನೂ ನೋಡಿದ. ಅಪ್ಪ ಆರಡಿ ಆಳು. ಪ್ರಾಯದಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳಿಗೆಲ್ಲ ಹೊರೆ ಎಸೆದು ಬೆಳೆಸಿಕೊಂಡ ಮೈ ಅವನದು. ನಾನು ಕಿಕ್ಕೇರಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ಇಪ್ಪತ್ತು ವರ್ಷ ಸೀಮೆಸುಣ್ಣಕ್ಕಿಂತ ಭಾರದ್ದೇನನ್ನೂ ಎತ್ತಿದವನಲ್ಲ. ದೊಡ್ಡಪ್ಪನಾದ ಮೇಲೆ ನಮ್ಮ ವಂಶದಲ್ಲಿ ಮುಂದಿನವನು ಅಪ್ಪ. ಆಗ ಮೈಸೂರಿನಲ್ಲಿರುವ ಅಣ್ಣ ಬಂದು ಬೆಂಕಿ ಹಿಡಿಯುತ್ತಾನೆ, ನಾನು ಹೆಗಲು ಕೊಡಬೇಕು. ಅಪ್ಪನನ್ನೂ ಬೀಳಿಸಿದರೆ ಊರು ಕ್ಷಮಿಸಬಹುದು, ನಾನು ಕ್ಷಮಿಸಿಕೊಳ್ಳಲಾರೆ ಎಂದು ಆ ದಿನವೇ ಗೊತ್ತಾಯಿತು.

ಹಾಗಾಗಿ ಮೈ ಬೆಳೆಸಲು ಹೊರಟೆ. ಸಹೋದ್ಯೋಗಿಗಳು ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಕ್ಕರು. ನಗಲಿ, ಅವರ ಹೊಟ್ಟೆಗಳೇನೂ ನನ್ನದಕ್ಕಿಂತ ಚಿಕ್ಕವಾಗಿರಲಿಲ್ಲ.

ಮೊದಲು ಮಾಡಿದ್ದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ನಾಗಮಂಗಲದ ಹತ್ತಿರ ನನ್ನ ಷಡ್ಡಕ ಜಾತ್ರೆಯಲ್ಲಿ ಮಾರಲೆಂದು ಜೋಡಿ ಹಳ್ಳಿಕಾರ್ ಎತ್ತು ಸಾಕುತ್ತಾನೆ. ಅವುಗಳ ಮೈ ಮೇಲೆ ಕೈ ಇಟ್ಟರೆ ಜಾರುತ್ತದೆ, ಹಾಗಿವೆ. ಮೈ ಕಟ್ಟುವುದು ಗೊತ್ತಿರುವ ಮನುಷ್ಯ ಎಂದರೆ ನನಗೆ ಅವನೇ ಹೊಳೆದ. ಎತ್ತಿಗೆ ಏನೇನು ಕೊಡುತ್ತಾನೆಂದು ಕೇಳಿ ಬರೆದುಕೊಂಡೆ. ಬೆಳಿಗ್ಗೆ ಬೇಯಿಸಿ ರುಬ್ಬಿದ ಹುರುಳಿ, ಮೇಲೆ ಬೆಣ್ಣೆ, ಹಸಿ ಮೊಟ್ಟೆ, ಬೆಲ್ಲ, ಸಂಜೆಗೆ ಬಾಳೆಹಣ್ಣು, ಹಾಲು. ನೊಗ ಮಾತ್ರ ಹೂಡುವಂತಿಲ್ಲ. ದುಡಿದರೆ ಎತ್ತು ಸೊರಗುತ್ತದೆ ಎಂದ. ಮನುಷ್ಯನಿಗೆ ತಕ್ಕಂತೆ ಅಳತೆ ಇಳಿಸಿಕೊಂಡು ನಾನೂ ಅದನ್ನೇ ತಿಂದೆ. ಆಯಾಸವಾದರೆ ಸೊರಗುತ್ತೇನೆಂದು ಹಾಲಿನ ಡೈರಿಗೂ ಬೈಕಿನಲ್ಲಿ ಹೋದೆ. ನಾಲ್ಕು ತಿಂಗಳಿಗೆ ಒಂಬತ್ತು ಕೆ.ಜಿ. ಏರಿದ್ದೆ. ಪ್ಯಾಂಟಿನ ಗುಂಡಿ ಕಿತ್ತು ಬಂದಾಗ ಹೆಂಡತಿ ಗುಂಡಿಯನ್ನು ಕೈಯಲ್ಲಿ ಹಿಡಿದು, ಇನ್ನು ಕೊಂಬಿಗೆ ಬಣ್ಣ ಬಳಿಯುವುದೊಂದು ಬಾಕಿ ಎಂದಳು.

ಆಮೇಲೆ ಕೆ.ಆರ್. ಪೇಟೆಯಲ್ಲಿ ಟೈರ್ ಅಂಗಡಿಯ ಮೇಲಿರುವ ಜಿಮ್ಮಿಗೆ ಸೇರಿದೆ. ಅದನ್ನು ನಡೆಸುವವನು ಮೂವತ್ತರ ಆಸುಪಾಸಿನ ಸಾಬರ ಹುಡುಗ. ಮೊದಲು ಶ್ರೀರಂಗಪಟ್ಟಣದಲ್ಲಿ ತನ್ನ ಅಣ್ಣನ ಗ್ಯಾರೇಜಿನಲ್ಲಿದ್ದವನು. ನನ್ನ ನಾಲ್ಕು ತಿಂಗಳ ಸಾಧನೆಯನ್ನು ಪೂರ್ತಿ ಕೇಳಿಸಿಕೊಂಡ. ನಗಲಿಲ್ಲ, ಅದು ಅವನ ದೊಡ್ಡತನ.

"ಎತ್ತು ಗುಂಡುಗುಂಡಗೆ ಕಾಣ್ಬೇಕು ಸಾರ್, ಕೊಂಡ್ಕೊಳ್ಳೋನ ಕಣ್ಣು ತುಂಬಾಕೆ" ಎಂದ. "ನಿಮ್ಮನ್ನ ಯಾರ್ ಕೊಂಡ್ಕೋತಾರೆ?"

ಮೂರು ತಿಂಗಳು ಅವನು ನನಗೆ ಭಾರವನ್ನೇ ಮುಟ್ಟಿಸಲಿಲ್ಲ ಎಂದರೂ ಆದೀತು. ಕುರ್ಚಿಯಿಂದ ಏಳು, ಕೂರು, ಮತ್ತೆ ಏಳು. ಹೆಗಲು ಬೇಕೆಂದು ಬಂದವನಿಗೆ ತೊಡೆ ಕಟ್ಟಿಸಿದ. ಹೊರುವುದು ಹೆಗಲಾದರೂ ನಡೆಯುವುದು ಕಾಲಲ್ಲವೇ ಎಂಬುದು ಅವನ ವಾದ. ಆಮೇಲೆ ಸಣ್ಣ ಸಣ್ಣ ಭಾರ, ವಾರಕ್ಕಿಷ್ಟೆಂದು ಏರಿಸುತ್ತ. ವಾರದಲ್ಲಿ ಮೂರೇ ದಿನ. ನಾಲ್ಕನೆಯ ದಿನ ಹೋದರೆ ವಾಪಸ್ಸು ಕಳಿಸುತ್ತಿದ್ದ, ಮೈ ಬೆಳೆಯುವುದು ಮಲಗಿದಾಗ ಎನ್ನುತ್ತಿದ್ದ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡುವ ಚಟವನ್ನು ಬಿಡಿಸಿದ. ಬೆಣ್ಣೆ, ಬೆಲ್ಲ ಹೋದವು. ಹುರುಳಿ ಉಳಿಯಿತು. ಮುದ್ದೆ ಎರಡರಿಂದ ಒಂದಕ್ಕೆ ಇಳಿದು, ಪಕ್ಕದಲ್ಲಿ ಮೊಟ್ಟೆ, ಕೋಳಿ, ಮೊಳಕೆಕಾಳು, ಮೊಸರು ಬಂದವು. ಹೊತ್ತು ಹೊತ್ತಿಗೆ ಇಷ್ಟಿಷ್ಟು, ಒಂದೇ ಸಲ ಸುರಿಯುವುದಲ್ಲ.

ಮೈ ನಿಧಾನವಾಗಿ ಬದಲಾಯಿತು. ಒಂದೂವರೆ ವರ್ಷಕ್ಕೆ ತೂಕ ಮೊದಲಿನಷ್ಟಕ್ಕೇ ಬಂದು ನಿಂತಿತ್ತು, ಆದರೆ ಅಂಗಿಗಳು ಹೊಟ್ಟೆಯ ಹತ್ತಿರ ಸಡಿಲವಾಗಿ ಭುಜದ ಹತ್ತಿರ ಬಿಗಿಯಾಗಿದ್ದವು. ಐವತ್ತು ಕೆ.ಜಿ.ಯ ಬೂಸಾ ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಕೊಟ್ಟಿಗೆಗೆ ಹೋಗುವಾಗ ನನಗೆ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.

ಊಟದ ವಿಷಯ ಹೇಳಬೇಕು. ಮನೆಯಲ್ಲಿ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಆದದ್ದು. ಮೊಟ್ಟೆ ಬೆಂದರೆ ನನ್ನ ತಟ್ಟೆಗೆ, ಕೋಳಿ ಬೆಂದರೆ ಒಳ್ಳೆಯ ತುಂಡು ನನ್ನ ತಟ್ಟೆಗೆ. ಅಪ್ಪ ಎದುರಿಗೆ ಕೂತು ಅರ್ಧ ಮುದ್ದೆ, ಒಂದು ಸೌಟು ಬಸ್ಸಾರಿನಲ್ಲಿ ಮುಗಿಸುತ್ತಿದ್ದ. ವಯಸ್ಸಾದವರು ಬಾಯಿ ಕಟ್ಟಬೇಕು, ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಅವನ ಮಾತು. ಹೆಂಡತಿ ಅವನಿಗೊಂದು ಮೊಟ್ಟೆ ಇಟ್ಟರೆ ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ತಟ್ಟೆಗೆ ಹಾಕುತ್ತಿದ್ದ. ನಾನು ತಿನ್ನುತ್ತಿದ್ದೆ. ಒಂದು ದಿನವೂ ಬೇಡ ಅನ್ನಲಿಲ್ಲ.

ಒಂದು ಸಂಜೆ ಜಿಮ್ಮಿನ ಹುಡುಗ ನನ್ನನ್ನು, ಈ ವಯಸ್ಸಿನಲ್ಲಿ ಇಷ್ಟು ಹಟ ಯಾಕೆ ಸಾರ್ ಎಂದು ಕೇಳಿದ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕಾಲುವೆ ಏರಿಯ ಮೇಲೆ ನಡೆದದ್ದನ್ನೂ, ಅಪ್ಪನಿಗೆ ಹೆಗಲು ಕೊಡಬೇಕಾದ ದಿನವನ್ನೂ ಹೇಳಿದೆ. ಅವನು ಹೊಗಳುತ್ತಾನೆಂದುಕೊಂಡಿದ್ದೆ. ಟವೆಲ್ಲಿನಿಂದ ಭಾರ ಎತ್ತುವ ಕಂಬಿಯನ್ನು ತುದಿಯವರೆಗೆ ಒರೆಸಿದ. ಆಮೇಲೆ ತನ್ನ ಅಬ್ಬಾ ಹೇಗೆ ಹೋದರೆಂದು ಹೇಳಿದ. ಲಾರಿ ಓಡಿಸುತ್ತಿದ್ದ ಗಟ್ಟಿ ಮನುಷ್ಯ. ಕೊನೆಯ ಎರಡು ವರ್ಷ ಹಾಸಿಗೆಯಿಂದ ಏಳಲಾಗಲಿಲ್ಲ, ಅದಕ್ಕೆ ಕಾಯಿಲೆಯೇನೂ ಇರಲಿಲ್ಲವಂತೆ, ಕಾಲಿನಲ್ಲಿದ್ದ ಮಾಂಸ ಕರಗಿಹೋಗಿತ್ತು ಅಷ್ಟೆ.

"ನಿಮ್ ಫಾದರ್ ಕೂತಿದ್ ಕಡೆಯಿಂದ ಕೈ ಊರದೆ ಏಳ್ತಾರಾ ಸಾರ್?" ಎಂದು ಕೇಳಿದ.

ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಪತ್ರಿಕೆ ಹಿಡಿದು ಜಗಲಿಯ ಈ ತುದಿಯಲ್ಲಿ ಕೂತೆ. ಅಪ್ಪ ಆ ತುದಿಯಲ್ಲಿದ್ದ. ಏಳಲು ಹೊರಟು ಕೂತ. ಮತ್ತೆ ಹೊರಟು ಕೂತ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬೀದಿಯ ಕಡೆ ನೋಡಿದ. ಮೂರನೆಯ ಸಲ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಮೇಲಕ್ಕೆಳೆದುಕೊಂಡ. ಪಂಚೆ ಮೇಲೆ ಸರಿದು ತೊಡೆ ಕಂಡಿತು. ಗಾಡಿಗೆ ಕಬ್ಬು ತುಂಬಿದ ಮನುಷ್ಯನ ತೊಡೆ ಈಗ ನನ್ನ ಮುಂಗೈಯಷ್ಟಿತ್ತು. ಆ ಹೊತ್ತಿಗೆ ನಾನು ನಾಲ್ಕು ಬೆಂದ ಮೊಟ್ಟೆ ತಿಂದು ಕೂತಿದ್ದೆ. ನನಗೆ ನಾಚಿಕೆಯಾಯಿತು. ಇದಕ್ಕಿಂತ ಬೇರೆ ಪದ ಹುಡುಕುವುದು ಸುಳ್ಳಾಗುತ್ತದೆ.

ಹತ್ತಿರ ಹೋಗಿ, ನಾಳೆಯಿಂದ ನೀನೂ ದಿನಾ ಎದ್ದು ಕೂರುವ ಅಭ್ಯಾಸ ಮಾಡಬೇಕು, ಮೊಟ್ಟೆ ತಿನ್ನಬೇಕು ಎಂದೆ. ಈ ವಯಸ್ಸಿಗೆ ಪೈಲ್ವಾನನಾಗಿ ಯಾರನ್ನು ಕೆಡವಬೇಕು ಎಂದು ಅಪ್ಪ ಗೇಲಿ ಮಾಡಿದ. ಗೇಲಿ ಮುಗಿದ ಮೇಲೆ ನಾನು ಏರಿಯ ಮಾತು ತೆಗೆದೆ. ಅವತ್ತು ದೊಡ್ಡಪ್ಪನನ್ನು ವಾಲಿಸಿದೆನಲ್ಲ, ನಿನ್ನ ಕಾಲಕ್ಕೆ ಹಾಗಾಗಬಾರದೆಂದು ಈ ಮೈ ಬೆಳೆಸಿದ್ದು ಎಂದೆ. ಬಾಯಿ ಬಿಟ್ಟು ಹೇಳಿದಾಗ ಅದು ಎಷ್ಟು ಕೆಟ್ಟದಾಗಿ ಕೇಳುತ್ತದೆಂಬುದು ನನಗೂ ಕೇಳಿಸಿತು.

ಅಪ್ಪನಿಗೆ ಸಿಟ್ಟು ಬರಲಿಲ್ಲ. ನನ್ನ ತೋಳನ್ನು ಹಿಡಿದು, ಎತ್ತಿನ ವ್ಯಾಪಾರಕ್ಕೆ ಬಂದವನ ಹಾಗೆ ಒಮ್ಮೆ ಅಮುಕಿ ನೋಡಿದ.

"ಎಗ್ಲು ಕೊಡಾಕೆ ನಾಕ್ ಜನ ಬತ್ತಾರೆ ಕಣ್ಲಾ" ಎಂದ. "ದಿನಾ ಬೆಳಿಗ್ಗೆ ಎಬ್ಬುಸಾಕೆ ಯಾವನವ್ನೆ?"

ಆ ಸಂಜೆಯೇ ಜಿಮ್ಮಿಗೆ ಹೋಗಿ, ಭಾನುವಾರ ಮನೆಗೆ ಬಾ ಎಂದು ಹುಡುಗನನ್ನು ಕರೆದೆ.

ಆ ಭಾನುವಾರ ಜಿಮ್ಮಿನ ಹುಡುಗ ಬಸ್ಸಿನಲ್ಲಿ ಮನೆಗೆ ಬಂದ. ಜಗಲಿಯ ಮೇಲೆ ಹತ್ತಿ ತುಂಬಿದ ಎರಡು ದಿಂಡು ಒಂದರ ಮೇಲೊಂದು ಇಟ್ಟು ಎತ್ತರ ಮಾಡಿ, ಅಲ್ಲಿಂದ ಏಳುವುದನ್ನು ತೋರಿಸಿದ. ಎತ್ತರದಿಂದ ಏಳುವುದು ಸುಲಭ. ಅದು ರೂಢಿಯಾದ ಮೇಲೆ ಒಂದು ದಿಂಡು, ಆಮೇಲೆ ಬರೀ ಜಗಲಿ. ನೀವು ಪಕ್ಕದಲ್ಲಿ ನಿಲ್ಲಿ, ಆದರೆ ಕೈ ಹಾಕಬೇಡಿ ಎಂದು ನನಗೆ ಎರಡು ಸಲ ಹೇಳಿದ. ಅಪ್ಪ ಮೊಟ್ಟೆಯ ಜೊತೆ ಜಗಳವಾಡಿ ಕೊನೆಗೆ ತಿನ್ನತೊಡಗಿದ. ಎರಡು ದಿಂಡಿನಿಂದ ಒಂದಕ್ಕೆ ಬರಲು ಎರಡು ತಿಂಗಳು ಬೇಕಾಯಿತು. ನಡುವೆ ಹದಿನೈದು ದಿನ ಜ್ವರ ಬಂದು ಮತ್ತೆ ಎರಡಕ್ಕೆ ಹೋದ. ನನ್ನ ಮೈಗೆ ಒಂದೂವರೆ ವರ್ಷ ಹಿಡಿದಿದ್ದರೆ ಅವನದಕ್ಕೆ ಇನ್ನೂ ಹೆಚ್ಚು ಹಿಡಿಯುತ್ತದೆ, ಅಷ್ಟು ಕಾಲ ಅವನಲ್ಲಿದೆಯೋ ಇಲ್ಲವೋ ಗೊತ್ತಿಲ್ಲದೆ ಇಬ್ಬರೂ ಬೆಳಿಗ್ಗೆ ಬೆಳಿಗ್ಗೆ ಜಗಲಿಗೆ ಬರುತ್ತಿದ್ದೆವು.

ಹೋದ ತಿಂಗಳು ಒಂದು ಬೆಳಿಗ್ಗೆ ಅಪ್ಪ ಉಳಿದ ದಿಂಡನ್ನೂ ತಾನೇ ಎಳೆದು ಒಳಗೆ ಎಸೆದ. ಬರೀ ಜಗಲಿಯ ಮೇಲೆ ಕೂತು ಎರಡೂ ಕೈಯನ್ನು ಎದೆಗೆ ಕಟ್ಟಿದ. ನಾನು ಪಕ್ಕದಲ್ಲಿ ನಿಂತೆ. ಅವನು ಅರ್ಧಕ್ಕೆ ಬಂದು ನಡುಗಿದಾಗ ನನ್ನ ಕೈಗಳು ತಾವಾಗಿ ಅವನ ಕಂಕುಳ ಹತ್ತಿರ ಹೋದವು. "ತಗಿಲಾ ಕೈಯ" ಎಂದ, ಹಲ್ಲು ಕಚ್ಚಿಕೊಂಡು. ತೆಗೆದೆ. ಎರಡು ವರ್ಷದಲ್ಲಿ ನಾನು ಎತ್ತಿದ ಯಾವ ಭಾರವೂ ಸುಮ್ಮನೆ ನಿಂತ ಆ ಹೊತ್ತಿನಷ್ಟು ಕಷ್ಟ ಕೊಟ್ಟಿರಲಿಲ್ಲ. ಅಪ್ಪ ನಡುಗುತ್ತಲೇ ಪೂರ್ತಿ ಎದ್ದ. ಏನನ್ನೂ ಹಿಡಿಯದೆ ನಿಂತು ಬೀದಿಯನ್ನು ನೋಡಿದ. ಆಮೇಲೆ ನಿಧಾನವಾಗಿ ಮತ್ತೆ ಕೂತು, ಏದುಸಿರು ಬಿಡುತ್ತ, ಸುಮ್ಕೆ ಯಾಕ್ಲಾ ನಿಂತಿದ್ದೀಯ, ಎಣ್ಸು ಎಂದ.

ಒಂದು ಎಂದೆ.