ಚಿಕ್ಕಪ್ಪ ಅಳಲಿಲ್ಲ

"ಅಪ್ಪನ್ನ ಮಣ್ಣು ಮಾಡಿದ ದಿನ ಎಲ್ರೂ ಅತ್ರು. ಚಿಕ್ಕಪ್ಪ ಒಬ್ಬ ಅಳಲಿಲ್ಲ. ಕಂಬಳಿ ಕೊಡವಿ ಹೆಗಲಿಗೆ ಹಾಕ್ಕಂಡು ಕುರಿ ಹೊಡ್ಕಂಡು ಹೋದ."

ಚಳ್ಳಕೆರೆಯ ನಮ್ಮ ಕಾಲೇಜಿನ ಸಭಾಂಗಣ. ಮಧ್ಯಾಹ್ನ ಮೂರು ಗಂಟೆ. ವೇದಿಕೆಯ ಮೇಲೆ ಅನಿತಾ ಒಬ್ಬಳೇ. ಮೈಮೇಲೆ ರಾಜಕುಮಾರನ ಪಾತ್ರದ ಕಪ್ಪು ಅಂಗಿ. ಇಷ್ಟು ಹೇಳಿದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಪರದೆಯ ಮರೆಯಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತಿದ್ದ ನಾನು ಗಾಬರಿಯಿಂದ ಪುಟ ತಿರುವಿದೆ. ಹಿಂದಿನ ಪುಟ ನೋಡಿದೆ. ಮುಂದಿನ ಪುಟ ನೋಡಿದೆ. ಆ ಮಾತು ಎಲ್ಲೂ ಇರಲಿಲ್ಲ. (ಇರೋದಾದರೂ ಹೇಗೆ? ಕನ್ನಡಕ್ಕೆ ಅನುವಾದ ಮಾಡಿದ್ದು ನಾನೇ!) ಮೂಲ ನಾಟಕದಲ್ಲಿ ಕುರಿಯೂ ಇಲ್ಲ, ಕಂಬಳಿಯೂ ಇಲ್ಲ.

ನಾಟಕ ನಾನೂರು ವರ್ಷ ಹಳೆಯದು. ಇಂಗ್ಲಿಷಿನ ದುರಂತ ನಾಟಕ. ಹೆಸರು ಹೇಳುವುದಿಲ್ಲ, ಬಿ.ಎ.ಯಲ್ಲಿ ಅದನ್ನು ಓದಿ ಮಾರ್ಕ್ಸ್ ಕಳೆದುಕೊಂಡವರಿಗೆ ತಾನಾಗಿ ನೆನಪಾಗುತ್ತದೆ. ರಾಜ ಸಾಯುತ್ತಾನೆ. ರಾಣಿ ರಾಜನ ತಮ್ಮನನ್ನೇ ಮದುವೆಯಾಗುತ್ತಾಳೆ. ಮಗನಿಗೆ ಸಂಕಟ. ಚಿಕ್ಕಪ್ಪನೇ ಅಪ್ಪನನ್ನು ಮುಗಿಸಿದನೇನೋ ಅನ್ನುವ ಗುಮಾನಿ ಬೇರೆ. ಯಾರ ಹತ್ತಿರ ಹೇಳಿಕೊಳ್ಳಬೇಕು? ಅಮ್ಮನಿಗೆ ಹೇಳುವಂತಿಲ್ಲ, ಚಿಕ್ಕಪ್ಪನಿಗಂತೂ ಸಾಧ್ಯವೇ ಇಲ್ಲ. ಹಾಗಾಗಿ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅದೇ ಸ್ವಗತ.

ಈ ಸ್ವಗತ ಅನ್ನುವುದು ವಿಚಿತ್ರ ವ್ಯವಸ್ಥೆ ನೋಡಿ. ಅರಮನೆಯಲ್ಲಿ ಒಬ್ಬರಿಗೂ ಅದು ಕೇಳಿಸುವುದಿಲ್ಲ. ಸಭಾಂಗಣದ ಕೊನೆಯ ಬೆಂಚಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಅವತ್ತು ಮೂರನೇ ಸಾಲಿನಲ್ಲಿ ಅನಿತಾಳ ತಾಯಿ ಪಾಲಮ್ಮ ಕೂತಿದ್ದರು. ಪಕ್ಕದಲ್ಲಿ ಚಿಕ್ಕಪ್ಪ ಬೋರಣ್ಣ. (ಈ ಅಂಕಣಕ್ಕಾಗಿ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.) ಮಗಳ ನಾಟಕ ಅಂತ ಮೊಳಕಾಲ್ಮೂರಿನ ಆಚೆಯ ಹಟ್ಟಿಯಿಂದ ಎರಡು ಬಸ್ ಹಿಡಿದು ಬಂದಿದ್ದರು. ಬೋರಣ್ಣ ಎದ್ದು ನಿಂತರು. ಟವೆಲ್ ಹೆಗಲಿಗೆ ಹಾಕಿಕೊಂಡರು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟರು.

ಪರದೆಯ ಮರೆಯಲ್ಲಿ ನನ್ನ ಪಕ್ಕ ನಿಂತಿದ್ದ ಹಿಸ್ಟರಿ ಮೇಷ್ಟ್ರು ಕಿವಿಯಲ್ಲಿ ಪಿಸುಗುಟ್ಟಿದರು. "ನೋಡಿದ್ರಾ ಸಾರ್? ನಾಟಕದಲ್ಲೂ ಗುಟ್ಟು ಬಯಲಾದಾಗ ಚಿಕ್ಕಪ್ಪ ಹಿಂಗೇ ಎದ್ದು ಹೋಗ್ತಾನಲ್ವಾ? ಕಳ್ಳನ ಮನಸ್ಸು ಹುಳ್ಳುಳ್ಳಗೆ!"

ನನಗೆ ನಗಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ತಪ್ಪು ನನ್ನದೇ. ರಿಹರ್ಸಲ್‌ನಲ್ಲಿ ಅವಳಿಗೆ ದೊಡ್ಡ ನಿರ್ದೇಶಕನ ಹಾಗೆ ಬುದ್ಧಿ ಹೇಳಿದ್ದೆ. "ಸ್ವಗತವನ್ನ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಡಮ್ಮ. ಮನಸ್ಸಿನಲ್ಲಿರೋದನ್ನ ಹೇಳು." ಹೇಳಿದಳು! ಇನ್ನೇನು ಬೇಕು? ಆ ಹುಡುಗಿಯ ಮನಸ್ಸಿನಲ್ಲಿ ಏನಿದೆ ಅಂತ ಒಂದು ಸಲವಾದರೂ ಕೇಳಿದ್ದೆನಾ? ಇಲ್ಲ. ಧ್ವನಿ ಚೆನ್ನಾಗಿದೆ ಅಂತ ಗಂಡುಪಾತ್ರ ಕೊಟ್ಟಿದ್ದೆ, ಅಷ್ಟೇ.

ನಾಟಕ ಮುಗಿದ ಮೇಲೆ ಗ್ರೀನ್ ರೂಮಿನ ಮೂಲೆಯಲ್ಲಿ ಕೂತು ಅವಳೇ ಎಲ್ಲ ಹೇಳಿದಳು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬಾವಿ ತೆಗೆಯುವ ಕೆಲಸಕ್ಕೆ ಇಳಿದು, ಮಣ್ಣು ಕುಸಿದು ತೀರಿಕೊಂಡರು. ವರ್ಷ ಕಳೆದ ಮೇಲೆ ಹಟ್ಟಿಯ ಹಿರಿಯರು ಕೂತು ಮಾತಾಡಿ ಅವಳ ತಾಯಿಯನ್ನು ಮೈದುನನಿಗೇ ಕೂಡಿಕೆ ಮಾಡಿದರು. ಬ್ಯಾಂಡಿಲ್ಲ, ಚಪ್ಪರವಿಲ್ಲ. ಒಂದು ಸೀರೆ, ನಾಲ್ಕು ಜನ, ಆಯಿತು ಮದುವೆ.

"ಚಿಕ್ಕಪ್ಪ ನಿನಗೆ ಬೈತಾರಾ? ಹೊಡೀತಾರಾ?" ಕೇಳಿದೆ.

"ಇಲ್ಲ ಸಾರ್. ಫೀಸು ಕಟ್ಟಾದು ಅವ್ರೇ. ಆದ್ರೆ ಮಾತೇ ಆಡಲ್ಲ. ಇಷ್ಟು ವರ್ಸದಾಗೆ ಅಪ್ಪನ ಹೆಸರು ಒಂದ್ಸಲ ಎತ್ತಿಲ್ಲ."

ನನಗೆ ತಲೆ ಕೆಟ್ಟಿತು. ಮೂವತ್ತು ವರ್ಷದಿಂದ ಕ್ಲಾಸಿನಲ್ಲಿ ನಿಂತು ಆ ರಾಣಿಯ ಮದುವೆಯನ್ನು ಮಹಾಪಾಪ ಅಂತ ಪಾಠ ಮಾಡಿದವನು ನಾನು. ಎದುರಿನ ಬೆಂಚಿನಲ್ಲಿ ಅಂಥದೇ ಮನೆಯಿಂದ ಬಂದ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಿದ್ದರು! ಅಲ್ಲಿ ಪಾಪವಾದದ್ದು ಇಲ್ಲಿ ಆಸರೆ. ಹಾಗಾದರೆ ನಾನು ಪಾಠ ಮಾಡಿದ್ದು ಯಾರ ಮನೆಯ ಕತೆಯನ್ನ?

ಅವಳು ಆ ವಾರ ಊರಿಗೆ ಹೋಗಲಿಲ್ಲ. ಹಾಸ್ಟೆಲ್‌ನಲ್ಲೇ ಉಳಿದಳು. ಶುಕ್ರವಾರ ನನಗೆ ಪಾಲಮ್ಮನ ಫೋನ್.

"ಸಾ, ಅವಳು ಫೋನ್ ಎತ್ತಂಗಿಲ್ಲ. ಆ ನಾಟಕಾನ ಯಾರೋ ವಿಡಿಯೋ ಮಾಡಿ ಬಿಟ್ಟವ್ರೆ. ಹಟ್ಟಿಯಾಗೆ ಎಲ್ರ ಫೋನಿನಾಗೂ ಐತೆ. ಅಣ್ಣನ್ನ ಬಾವಿಗೆ ಇಳಿಸಿದ್ದು ಯಾರು ಅಂತ ಈಗ ಕೇಳ್ತಾವ್ರೆ ಸಾ. ಇವ್ನು ಮೂರು ದಿನದಿಂದ ಉಂಡಿಲ್ಲ."

ಇದು ಕಾಲೇಜು ನಾಟಕ ಸ್ವಾಮಿ! ಬಹುಮಾನ ಬರಬಹುದು ಅಂದುಕೊಂಡಿದ್ದೆ. ಒಬ್ಬ ಮನುಷ್ಯನ ಮೇಲೆ ಕೊಲೆಯ ಅನುಮಾನ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಭಾನುವಾರ ಬೆಳಿಗ್ಗೆ ಅನಿತಾಳನ್ನು ಕರೆದುಕೊಂಡು ಬಸ್ ಹತ್ತಿದೆ.  ತಳಕು ಊರು ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಸಾರ್, ಚಿಕ್ಕಪ್ಪ ಎದ್ದು ಹೋಗಿದ್ದು ಯಾಕೆ? ನಂಗೂ ಈಗ ಭಯ ಆಗ್ತೈತೆ."

 

ಮೊಳಕಾಲ್ಮೂರಿನಲ್ಲಿ ಇಳಿದು ಆಟೋ ಹಿಡಿದೆವು. ಹಟ್ಟಿ ತಲುಪಿದಾಗ ಬೋರಣ್ಣ ಮನೆಯಲ್ಲಿರಲಿಲ್ಲ, ಕುರಿ ಮೇಯಿಸಲು ಹೋಗಿದ್ದರು. ಅನಿತಾ ತಾಯಿಯ ಹತ್ತಿರ ಉಳಿದಳು. ನಾನೊಬ್ಬನೇ ಗುಡ್ಡದ ಬುಡಕ್ಕೆ ನಡೆದೆ.

ದೂರದಿಂದಲೇ ದನಿ ಕೇಳಿಸಿತು. "ಎಕ್ಕಡಿಕಿ ಪೋತಾವೇ? ಇಟ್ಟಾ ರಾ, ಇಟ್ಟಾ ರಾ." ಎಲ್ಲಿಗೆ ಹೋಗ್ತೀಯೇ, ಇತ್ತ ಬಾ ಅಂತ ಬೋರಣ್ಣ ಒಂದು ಕುರಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಎಷ್ಟು ಮಾತು! ಎಷ್ಟು ಅಕ್ಕರೆ! ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಇವರೇನಾ ಅಂತ ನನಗೇ ಅನುಮಾನ ಬಂತು. ನನ್ನನ್ನು ನೋಡಿದ್ದೇ ದನಿ ನಿಂತಿತು.

ಇಬ್ಬರೂ ಬಂಡೆಯ ಮೇಲೆ ಕೂತೆವು. ಅವರೇ ಕೇಳಿದರು.

"ಸಾ, ಆ ಮಾತು ಬರ್ದಿದ್ದು ನೀವಾ, ಅವಳಾ?"

ಏನು ಹೇಳಲಿ? ಒಂದೇ ಒಂದು ಸುಳ್ಳಿಗೆ ಮನೆ ಉಳಿಯುತ್ತದೆ ಅನ್ನಿಸಿತು. "ನಾನೇ ಬರೆದಿದ್ದು ಬೋರಣ್ಣ. ಅದು ಬರೀ ನಾಟಕ" ಅಂದೆ.

ಅವರು ನೆಲ ನೋಡುತ್ತ ಕೇಳಿದರು. "ನಾನು ಅಳ್ಲಿಲ್ಲ ಅಂತ ನಿಮಗೆ ಹೆಂಗ್ ಗೊತ್ತಾತು ಸಾ?"

 ಅಷ್ಟರಲ್ಲಿ ಹಿಂದಿನಿಂದ ಅನಿತಾಳ ದನಿ. ಮಜ್ಜಿಗೆ ಚೆಂಬು ಹಿಡಿದು ಬಂದಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸಾರ್ ಸುಳ್ಳು ಹೇಳ್ತಾವ್ರೆ. ನಾನೇ ಸೇರಿಸಿದ್ದು, ಚಿಕ್ಕಪ್ಪ."

"ಗೊತ್ತು."

"ಮತ್ತೆ ಎದ್ದು ಯಾಕೆ ಹೋದೆ?"

"ನೀನು ಅಷ್ಟು ಅಳ್ತಿದ್ದೆ. ಬಂದು ಸುಮ್ಕಿರವ್ವ ಅನ್ನಾನ ಅಂದ್ರೆ ಅಷ್ಟು ಜನ. ನೋಡ್ಕಂಡು ಕುಂದ್ರಾಕೂ ಆಗ್ಲಿಲ್ಲ."

ಅನಿತಾ ಚೆಂಬು ಕೆಳಗಿಟ್ಟಳು.  "ಅವತ್ತು ಯಾಕೆ ಅಳ್ಲಿಲ್ಲ?"

ಬೋರಣ್ಣ ತಮ್ಮ ಎರಡೂ ಅಂಗೈ ನೋಡಿಕೊಂಡರು. "ಬಾವಿಯಿಂದ ನಿಮ್ಮಪ್ಪನ್ನ ಎತ್ತಿದ್ದು ನಾನೇ ಅಲ್ವೇನವ್ವ? ಎತ್ತೋವಾಗ ಕೈ ನಡುಗಬಾರ್ದು ಅಂತ ಜೀವ ಗಟ್ಟಿ ಮಾಡ್ಕಂಡಿದ್ದೆ. ಆಮೇಲೆ ಅದು ಸಡ್ಲಾನೇ ಆಗ್ಲಿಲ್ಲ."

ಬಾವಿಯಿಂದ ಎತ್ತಿದ್ದು ಯಾರು ಅಂತ ಆ ಮಗುವಿಗೆ ಯಾರೂ ಹೇಳಿರಲಿಲ್ಲ! ಒಂದೇ ಮನೆ. ಒಂದೇ ಒಲೆ. ಒಂಬತ್ತು ವರ್ಷ. ಯಾರಾದರೂ ಒಬ್ಬರು ಹೇಳಬಹುದಿತ್ತಲ್ಲ? ತಾಯಿ ಹೇಳಿರುತ್ತಾಳೆ ಅಂತ ಚಿಕ್ಕಪ್ಪ, ಮಗಳಿಗೆ ಗೊತ್ತಿರುತ್ತದೆ ಅಂತ ತಾಯಿ. ನಮ್ಮ ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? (ನನ್ನ ಹೆಂಡತಿ ಇದನ್ನು ಓದಿ "ನಿಮ್ಮದನ್ನ ಮೊದಲು ನೋಡ್ಕೊಳ್ಳಿ" ಅನ್ನುತ್ತಾಳೆ. ಸರಿಯಾಗಿಯೇ ಅನ್ನುತ್ತಾಳೆ.)

ಅನಿತಾ ಅವರ ಕಾಲ ಹತ್ತಿರ ಕೂತು ಅತ್ತಳು. ಬೋರಣ್ಣ ಅಳಲಿಲ್ಲ. ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ನನ್ನನ್ನು ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಎದ್ದು ದೂರ ಹೋಗಿ ಬೇಲಿಯನ್ನು ನೋಡುತ್ತ ನಿಂತೆ. ಬೇಲಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸಂಜೆ ಇಬ್ಬರೂ ಕುರಿ ಹೊಡೆದುಕೊಂಡು ಹಟ್ಟಿಗೆ ಬಂದರು. ಹಿಂಬದಿಯ ಹತ್ತಿರದ ದಾರಿ ಬಿಟ್ಟು, ಬೇಕಂತಲೇ ನಡುಬೀದಿಯಲ್ಲಿ ಬಂದರು. ಅಂಗಡಿ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಿದ್ದವರ ಎದುರು ಅನಿತಾ ನಿಂತಳು. "ಬಾವಿ ವಿಷಯ ಯಾರಿಗಾದ್ರೂ ಕೇಳಬೇಕಾ? ನನ್ನನ್ನ ಕೇಳ್ರಿ. ಅಪ್ಪನ್ನ ಎತ್ಕಂಬಂದಿದ್ದು ನಮ್ಮ ಚಿಕ್ಕಪ್ಪ."  ಒಬ್ಬ ಫೋನನ್ನು ಜೇಬಿಗೆ ಹಾಕಿಕೊಂಡ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ನನಗೂ ಸಮಾಧಾನವಾಗಿತ್ತು. ಆದರೆ ರಸ್ತೆಯವರೆಗೆ ನನ್ನನ್ನು ಬಿಡಲು ಬಂದ ಪಾಲಮ್ಮ, ಮಗಳು ಹಿಂದೆ ಉಳಿದದ್ದನ್ನು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು.

"ಅವ್ನು ಅತ್ತಿದ್ದು ನಾನು ನೋಡೀನಿ ಸಾ."

"ಯಾವಾಗ?"

"ಕೂಡಿಕೆ ದಿನ. ಕುರಿ ಕೂಡೋ ರೊಪ್ಪದಾಗೆ ಗೋಡೆಗೆ ತಲೆ ಕೊಟ್ಕಂಡು ಅಳ್ತಿದ್ದ. ರಾಯದುರ್ಗದ ಕಡೆ ಒಂದು ಹುಡುಗೀನ ಒಪ್ಪಿ ಬಂದಿದ್ದ ಸಾ ಅವನು. ಅಣ್ಣ ಹೋದ್ನಲ್ಲ ಅಂತ ಅತ್ನೋ, ನಾನು ಗಂಟುಬಿದ್ನಲ್ಲ ಅಂತ ಅತ್ನೋ. ಎಂಟು ವರ್ಸ ಆತು. ನಾನು ಕೇಳಿಲ್ಲ, ಅವ್ನು ಹೇಳಿಲ್ಲ."

 ಆ ನಾಟಕದಲ್ಲಿ ಮಗನಿಗೆ ಪುಟಗಟ್ಟಲೆ ಸ್ವಗತವಿದೆ. ಚಿಕ್ಕಪ್ಪನಿಗೂ ಒಂದಿಷ್ಟು ಇದೆ. ರಾಣಿಗೆ ಮಾತ್ರ ಒಬ್ಬಳೇ ನಿಂತು ಮಾತಾಡುವ ಅವಕಾಶ ಯಾರೂ ಕೊಡುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದರೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಇದನ್ನ ಅವಳಿಗೆ ಹೇಳ್ಬ್ಯಾಡ್ರಿ ಸಾ" ಅಂದರು. ನಾನು ತಲೆಯಾಡಿಸಿದೆ. ಆಟೋ ಬಂತು. ಹತ್ತಿ ಕೂತೆ.

ಪಾಲಮ್ಮ ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು. "ನೀವು ಪೇಪರಿನಾಗೆ ಬರೆಯಾದನ್ನ ವಾರವಾರ ಅನಿತಾ ಫೋನ್ ಮಾಡಿ ಓದಿ ಹೇಳ್ತಾಳೆ ಸಾ. ಸ್ಪೀಕರ್ ಹಾಕ್ಕಂಡು ನಾನೂ ಅವ್ನೂ ಕೇಳ್ತೀವಿ."

ಅನಿತಾಗೆ ನಾನು ಏನೂ ಹೇಳಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಆದರೆ ಹತ್ತು ದಿನದಿಂದ ಒಂದೇ ಪ್ರಶ್ನೆ ತಲೆ ತಿನ್ನುತ್ತಿದೆ: ಆ ತಾಯಿ ನನಗೆ ಹೇಳಬೇಡಿ ಅಂದರಾ, ಬರೀರಿ ಅಂದರಾ?