ಅಪ್ಪ ಮುದ್ದೆ ಅಗಿದ ದಿನ

ಕಬಿನಿಯಲ್ಲಿ ಬೇಸಿಗೆಗೆ ಮೊಣಕಾಲುದ್ದ ನೀರು ಉಳಿಯುತ್ತಿದ್ದ, ಮಕ್ಕಳೂ ನಡೆದೇ ಹೊಳೆ ದಾಟುತ್ತಿದ್ದ ಕಾಲದ ಮಾತು ಇದು. ಗಡಿಯೂರಾದ ಕೊಳವಳ್ಳಿಯ ನಮ್ಮ ಹಿತ್ತಲಿನಲ್ಲಿ ನಿಂತರೆ ಆಚೆ ದಡದಲ್ಲಿ ಕರ್ನಾಟಕ, ಅಲ್ಲೇ ಅಮ್ಮನ ತವರು. ಶಾಲೆಗೆ ರಜೆ. ಹಲಸು ಹಣ್ಣಾಗಿ ಊರಿಗೆ ಊರೇ ಘಮ್ಮೆನ್ನುತ್ತಿತ್ತು.

ಹೊಳೆಯಾಚೆಯಿಂದ ಬಂದ ಅಮ್ಮನ ಕೈಗೆ ಒಗ್ಗಿದ್ದು ರಾಗಿಮುದ್ದೆ, ಉಪ್ಪೆಸರು. ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಅಪ್ಪನ ತಾಯಿಯ, ಅಂದರೆ ಅಜ್ಜಿಯ ಆಡಳಿತ. ಕುಸುಬಲಕ್ಕಿ ಅನ್ನ, ಕಾಯಿ ಅರೆದ ಸಾರು, ತೋರನ್ ಎಂಬ ಕಾಯಿತುರಿಯ ಪಲ್ಯ, ಮಜ್ಜಿಗೆಹುಳಿ. ಒಂದು ಕಡಿಮೆಯಾದರೂ ಅಜ್ಜಿಯ ಮುಖ ಊದಿಕೊಳ್ಳುತ್ತಿತ್ತು. ಅಪ್ಪ ತುಟಿ ಬಿಚ್ಚದೆ ಉಂಡು ಏಳುತ್ತಿದ್ದ. ಅಡುಗೆ ಮಾಡುವಾಗ ಅಮ್ಮನ ಹತ್ತಿರ ಸುಳಿದರೆ ನನಗೆ ಅವಳಿಂದ ಬೈಗುಳ ಗ್ಯಾರಂಟಿ. ತವರಿನವರಾದರೂ ಅಳಿಯ ಬಂದನೆಂದರೆ ಮರ್ಯಾದೆಗೆ ಅನ್ನವನ್ನೇ ಬೇಯಿಸುತ್ತಿದ್ದರು. ಹಾಗಾಗಿ ಅಪ್ಪ ಮುದ್ದೆಯ ರುಚಿಯನ್ನೇ ಕಂಡಿರಲಿಲ್ಲ.

ಆ ವರ್ಷ ಅಪ್ಪ ಗುಂಡ್ಲುಪೇಟೆ ಕಡೆ ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಹಾಕಲು ಹೋದ. ಅವನಿಗೆ ಬೇಯಿಸಿ ಹಾಕಲು ಅಜ್ಜಿಯೂ ಹೊರಟಳು.

ಅವರ ಬಸ್ಸು ಹೋದದ್ದೇ ತಡ, ಅಮ್ಮ ಬೇರೆ ಹೆಂಗಸಾದಳು. "ಬಾರವ್ವ, ಸೊಪ್ಪು ಕಿತ್ಕೊಂಡು ಬರಾಣ" ಎಂದು ನನ್ನನ್ನು ಬೇಲಿಯುದ್ದಕ್ಕೂ ಕರೆದೊಯ್ದಳು. ಸಿಕ್ಕಿದ ಸೊಪ್ಪು, ಒಂದು ಹಿಡಿ ಹಲಸಂದೆ ಕಾಳು, ಎಲ್ಲ ಒಂದೇ ಪಾತ್ರೆಗೆ. ಬೆಂದ ಸೊಪ್ಪಿನ ರಸಕ್ಕೆ ಉಪ್ಪು, ಮೇಲೆ ಸುಟ್ಟ ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ. ಪಕ್ಕದ ಒಲೆಯಲ್ಲಿ ರಾಗಿ ಹಿಟ್ಟಿನ ಘಮ. ಕೋಲಿನಿಂದ ಮುದ್ದೆ ತಿರುವುತ್ತ ಅಮ್ಮ ಹಾಡುತ್ತಿದ್ದಳು! ಸೀದರೆ ನಗುತ್ತಿದ್ದಳು. ನನಗೂ ಒಂದು ಪುಟ್ಟ ಮುದ್ದೆ ಕಟ್ಟಲು ಕೊಟ್ಟಳು.

ಖುಷಿಯಾಗಬೇಕಿತ್ತು ನನಗೆ, ಆಯಿತು ಕೂಡ. ಅಷ್ಟರಲ್ಲಿ ಪಕ್ಕದ ಮನೆಯ ಜಾನಕಿಯಕ್ಕ ಬೇಲಿಯಾಚೆಯಿಂದ, "ಗಂಡ ಇಲ್ಲಾಂದ್ರೆ ನಿಂಗೆ ಓಣವೇ ಬಂದಂಗೆ ಅಲ್ವಾ?" ಎಂದು ಕಿಚಾಯಿಸಿದಳು. ಅಮ್ಮ ನಕ್ಕಳೇ ಹೊರತು ಇಲ್ಲ ಎನ್ನಲಿಲ್ಲ. ಅಪ್ಪ ಇಲ್ಲದಿರುವುದೇ ಅಮ್ಮನಿಗೆ ಸುಖವೇ? ಹಾಗಾದರೆ ಒಂದು ದಿನ ಸೀರೆ ಎತ್ತಿ ಕಟ್ಟಿಕೊಂಡು ಹೊಳೆ ದಾಟಿ ಹೋಗಿಯೇಬಿಟ್ಟರೆ? ನೀರೋ ಮೊಣಕಾಲುದ್ದ. ಅಂದಿನಿಂದ ಅವಳು ಬಟ್ಟೆ ಒಗೆಯಲು ಹೋದರೂ ಸೆರಗು ಹಿಡಿದು ಹಿಂದೆಯೇ ಹೋದೆ. ಮುದ್ದೆ ರುಚಿಯಾದಷ್ಟೂ ಭಯ ಹೆಚ್ಚಾಯಿತು.

ಅಪ್ಪ, ಅಜ್ಜಿ ವಾಪಸು ಬಂದರು. ಅಮ್ಮನ ಹಾಡು ನಿಂತಿತು. ತಡೆಯಲಾಗದೆ ಅಪ್ಪನಿಗೆ ಹೇಳಿಯೇಬಿಟ್ಟೆ: "ಅಪ್ಪಾ, ನೀನಿಲ್ಲದಾಗ ಅಮ್ಮ ಒಂದೇ ಪಾತ್ರೇಲಿ ಅಡುಗೆ ಮಾಡಿ ಹಾಡು ಹೇಳ್ತಾ ಇದ್ಳು."

ಅಪ್ಪ ಪೆಚ್ಚಾದ. ಮರುದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಇವತ್ತು ನಿಂಗೆ ಇಷ್ಟ ಆದದ್ದು ಮಾಡು, ಕೇಟ್ಟಾ? ಕೇಳಿಸ್ತಾ?" ಎಂದು ಹೇಳಿ ತೋಟಕ್ಕೆ ಹೋದ.

ಅಮ್ಮ ಕಂಗಾಲಾದಳು. "ಅಂಗಂದ್ರೆ ಏನ್ ಮಗ? ಸಿಟ್ಟಾಗವ್ರಾ?" ಎಂದು ನನ್ನನ್ನೇ ಕೇಳಿದಳು. ನನಗೇನು ಗೊತ್ತು? ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿದ್ದ ತರಕಾರಿಯೆಲ್ಲ ಎಲೆಯ ಮೇಲಿತ್ತು. ಸಾಲದ್ದಕ್ಕೆ ಪಾಯಸ ಬೇರೆ.

"ಇಂದು ಯಾರ ಕಲ್ಯಾಣ?" ಎಂದಳು ಅಜ್ಜಿ.

ಅಪ್ಪ ಎಲೆಯನ್ನೂ ಅಮ್ಮನನ್ನೂ ನೋಡಿದ. "ಇದೆಲ್ಲ ನಿಂಗಿಷ್ಟವಾ?"

ಅಮ್ಮನ ಕಣ್ಣು ತುಂಬಿತು. "ನಂಗಿಷ್ಟ ಆದದ್ದು ನೀವು ಉಣ್ಣಕ್ಕಿಲ್ವಲ್ಲ."

"ಕೊಟ್ಟು ನೋಡಿದ್ದೀಯಾ?"

ಅಮ್ಮ ಇನ್ನೊಂದು ಸೌಟು ಪಾಯಸ ಬಡಿಸಿ ಒಳಗೆ ಹೋದಳು. ಪಾತ್ರೆ ತೊಳೆಯುವಾಗ ಧೈರ್ಯ ಮಾಡಿ ಕೇಳಿದೆ, "ಅಮ್ಮ, ನೀನು ಹೊಳೆ ದಾಟಿ ಹೋಗ್ತೀಯಾ?"

ಅಮ್ಮ ಬೂದಿಗೈಯಲ್ಲೇ ನನ್ನ ಕೆನ್ನೆ ಹಿಡಿದಳು. "ಯಾಕೋಗ್ಲಿ? ಒಲೆ ಮುಂದೆ ಸುಖವಾಗಿದ್ದೆ, ದಿಟ. ನಿಮ್ಮಪ್ಪ ಇಲ್ದೆ ರಾತ್ರಿ ನಿದ್ದೆ ಬರ್ತಿರ್ನಿಲ್ಲ ಕಣವ್ವ."

ಎರಡೂ ಹೇಗೆ ನಿಜವಾಗುತ್ತವೆ? ನನ್ನ ತಲೆ ಇನ್ನಷ್ಟು ಕೆಟ್ಟಿತು.

ಮರುದಿನ ಮುದ್ದೆ. ಅಪ್ಪ ಗಂಭೀರವಾಗಿ ಒಂದು ತುತ್ತು ಬಾಯಿಗಿಟ್ಟು ಅಗಿದ, ಅಗಿಯುತ್ತಲೇ ಇದ್ದ. ಮುದ್ದೆ ಹಲ್ಲಿಗೆ ಮೆತ್ತಿಕೊಂಡು ಅಜ್ಜಿಯೂ ಬಾಯಿ ಬಿಡಲಾಗದೆ ಕೂತಳು. "ಅಯ್ಯೋ, ನುಂಗ್ಬೇಕು, ಅಗೀಬಾರ್ದು!" ಎನ್ನುತ್ತ ಅಮ್ಮ ನಕ್ಕಳು. ಅಪ್ಪನ ಎದುರೇ, ಅಜ್ಜಿಯ ಎದುರೇ, ಗೋಡೆ ಹಿಡಿದು ನಕ್ಕಳು. ಅಪ್ಪ ಬಾಯ್ತುಂಬ ಮುದ್ದೆ ಇಟ್ಟುಕೊಂಡೇ ನಗಲು ಹೋಗಿ ಕೆಮ್ಮಿದ.

ಈಗ ಆ ಮೂವರೂ ಇಲ್ಲ. ಪುಲ್ಪಳ್ಳಿಯ ನನ್ನ ಅಡುಗೆಮನೆಯಲ್ಲಿ ಯಾರ ಅಂಜಿಕೆಯೂ ಇಲ್ಲ. ಮನಸ್ಸು ಬಂದರೆ ಮುದ್ದೆ ಮಾಡುತ್ತೇನೆ, ಬೇಡವೆಂದರೆ ಗಂಜಿ. ಗಂಡ, ಮಗಳು ಅವರವರ ಹೊತ್ತಿಗೆ ಬಂದು, ಮೊಬೈಲು ನೋಡುತ್ತ, ಸರಿಯಾಗಿಯೇ ನುಂಗಿ ಏಳುತ್ತಾರೆ. ಅಮ್ಮ ಬಯಸಿದ್ದ ಸುಖ ಇದೇ ಇರಬೇಕು. ಆದರೂ ಒಂದೊಂದು ದಿನ ತಟ್ಟೆ ಮುಂದಿಟ್ಟುಕೊಂಡು, ಯಾರಾದರೂ ಒಬ್ಬರು ತಪ್ಪಾಗಿ ಉಣ್ಣಬಾರದೇ ಎಂದು ಕಾಯುತ್ತೇನೆ.