ಹುಸೇನಪ್ಪನ ಕೋಟೆ, ದುರಗಮ್ಮನ ತವರು

ಬಾವಲಿ ಹಿಕ್ಕೆಯ ನಾತ ಮೂಗಿಗೆ ಬಡಿದರೆ ಹುಸೇನಪ್ಪನಿಗೆ ಈಗಲೂ ಅಜ್ಜಿ ನೆನಪಾಗುತ್ತಾಳೆ. ಆಡು ಮೇಯಿಸಲು ಹದ್ದಿನಗುಡ್ಡ ಹತ್ತಿದಾಗ ಮಳೆ ಬಂದರೆ ಅಜ್ಜಿ, ಮೊಮ್ಮಗ ಇಬ್ಬರೂ ಕೋಟೆಯ ಮದ್ದುಗುಂಡಿನ ಕೋಣೆಗೆ ನುಗ್ಗುತ್ತಿದ್ದರು. "ಮೂಸಿ ನೋಡು, ಲಡಾಯಿ ಮದ್ದಿನ ವಾಸನಿ ಇನ್ನೂ ಹೋಗಿಲ್ಲ" ಎನ್ನುತ್ತಿದ್ದಳು ಅಜ್ಜಿ. ದೊಡ್ಡವನಾದ ಮೇಲೆ ಅವನೊಮ್ಮೆ ಕಂದೀಲು ಎತ್ತಿ ಮೇಲೆ ನೋಡಿದ. ಅದು ಮದ್ದಿನ ವಾಸನೆಯಾಗಿರಲಿಲ್ಲ, ಬಾವಲಿಗಳದು.

ಇಂದು ಕಂಪನಿ ಸರ್ಕಾರದ ವಿರುದ್ಧ ಈ ಕೋಟೆಯಲ್ಲಿ ನಡೆದ ಲಡಾಯಿಯ ಸ್ಮರಣೆ ದಿನ. ಮಾಘದ ಚಳಿಯಲ್ಲಿ, ಇನ್ನೂ ಬೆಳಕು ಹರಿಯುವ ಮುನ್ನವೇ ಹುಸೇನಪ್ಪ ಕುಡಗೋಲು ಹಿಡಿದು ಏರುದಾರಿಯ ಜಾಲಿಮುಳ್ಳು ಸರಿಸುತ್ತಿದ್ದಾನೆ. ಯಲಬುರ್ಗಾ, ಕುಕನೂರಿನಿಂದ ಮೊದಲ ಬಸ್ಸಿಗೆ ಬಂದವರು ಕೆಳಗೆ ಚಹಾ ಕುಡಿಯುತ್ತಿದ್ದಾರೆ. ಅವನ ಹೊಟ್ಟೆ ಮಾತ್ರ ಖಾಲಿ. ಮನೆಯಲ್ಲಿ ಒಲೆ ಹತ್ತಿಲ್ಲ. ವರ್ಷದಲ್ಲಿ ಈ ಒಂದು ದಿನ ಹತ್ತುವುದೂ ಇಲ್ಲ.

ಉಳಿದ ದಿನ ಅವನು ಕುಕನೂರಿನಲ್ಲಿ ಗೌಂಡಿ. ಸ್ಮರಣೆಯ ದಿನ, ಅದನ್ನು ನಡೆಸುವ ಸಮಿತಿಯ ಪರವಾಗಿ ಜನರನ್ನು ಗುಡ್ಡ ಹತ್ತಿಸುವವನು, ಕಥೆ ಹೇಳುವವನು, ಅವರು ಎಸೆದ ಬಾಟಲಿ ಆರಿಸುವವನು, ಎಲ್ಲವೂ ಅವನೇ. ತಾಳ್ಮೆ ಅರ್ಧ ಗುಡ್ಡಕ್ಕೇ ಮುಗಿಯುತ್ತದೆ.

"ಅಲ್ರೀ ಸಾಹೇಬ್ರ, ಗುಡ್ಡ ಹತ್ತಾಕ ಬಂದೀರೋ, ಮದುವಿಗೆ ಬಂದೀರೋ? ಈ ಬೂಟಿನಾಗ ಜಾರಿದ್ರ ಸೀದಾ ಲಡಾಯಿದಾಗ ಸತ್ತವರ ಸಂಗಾಟ ಸೇರ್ತೀರಿ!"

"ನಿಧಿ ಎಲ್ಲೈತಿ ಹುಸೇನಪ್ಪ?" ಎಂದು ಇನ್ನೊಬ್ಬರು. ಪ್ರತಿ ವರ್ಷವೂ ಇದೇ ಪ್ರಶ್ನೆ.

"ನಂಗ ಗೊತ್ತಿದ್ರ ಮಂದೀ ಮನಿ ಗ್ವಾಡಿ ಯಾಕ ಕಟ್ತಿದ್ನಿರಿ?"

ಕಡಿದಾದ ತಿರುವಿನಲ್ಲಿ ನಿಂತು, ಕೋಟೆಯ ಕುದುರೆಯೊಂದರ ಉದ್ದನೆಯ ಕಥೆ ಹೇಳುತ್ತಾನೆ. ಅಲ್ಲಿ ಏನೋ ದೊಡ್ಡದು ನಡೆದಿರಬೇಕೆಂದು ಜನ ಫೋಟೋ ತೆಗೆಯುತ್ತಾರೆ. ಅಲ್ಲಿ ಏನೂ ನಡೆದಿಲ್ಲ. ವಯಸ್ಸಾದವರಿಗೆ ದಮ್ಮು ಹತ್ತುವ ಜಾಗ ಅದು. ಕೊನೆಯ ಮುದುಕರು ಕುಳಿತು ಸುಧಾರಿಸಿಕೊಂಡ ಮೇಲೆಯೇ ಕುದುರೆ ಸಾಯುತ್ತದೆ.

ಜನ ಕಾಯುವುದು ಕಳ್ಳದಾರಿಯ ಕಥೆಗೆ. ಕಂಪನಿಯ ಪಲ್ಟನ್ನು ದಿನಗಟ್ಟಲೆ ಮುತ್ತಿಗೆ ಹಾಕಿದರೂ ಕೋಟೆ ಬಗ್ಗಲಿಲ್ಲ. ಕೊನೆಗೆ ಹಿಂಬದಿಯ ಬುರುಜಿನ ಸಂದಿಯಿಂದ ಹತ್ತಿ ಬಂದರು. ದಾರಿ ತೋರಿಸಿದವರು ಪಕ್ಕದ ಕೆಂಚನಹಾಳದವರು ಎನ್ನುತ್ತಿದ್ದಳು ಅಜ್ಜಿ. ಹುಸೇನಪ್ಪ ಅದನ್ನು ಹೇಳಿದಾಗಲೆಲ್ಲ ಶಿಳ್ಳೆ, ಚಪ್ಪಾಳೆ. ಕೆಂಚನಹಾಳ ಬಂದರೆ ಬಸ್ಸಿನ ಕಂಡಕ್ಟರ್ ಕೂಡ "ದಾರಿ ತೋರ್ಸೋರು ಇಳೀರಿ!" ಎಂದು ಕೂಗುವಷ್ಟು ಆ ಕಥೆ ಹಬ್ಬಿದೆ.

ಅವನ ಹೆಂಡತಿ ದುರಗಮ್ಮನ ತವರು ಕೆಂಚನಹಾಳ.

"ನನ್ನ ತವರಿಗೆ ಹೆಸರಿಡೋ ಬಾಯಿಗೆ ನನ್ನ ಕೈ ರೊಟ್ಟಿ ಇಲ್ಲ. ಚಪ್ಪಾಳಿ ತಿನ್ನು ಹೋಗು" ಎಂದು ಈ ದಿನ ಒಲೆ ಮುಟ್ಟುವುದಿಲ್ಲ ಆಕೆ.

"ಏನ್ ಮಾಡ್ಲಿರಿ? ಸಮಿತಿ ಮಾತು ಕೇಳಿದ್ರ ಮನ್ಯಾಗ ಉಪಾಸ. ಆಕೀ ಮಾತು ಕೇಳಿದ್ರ ಸಮಿತಿಯವರು ನನ್ನ ಕೈ ಬಿಡ್ತಾರ. ಸಾಕಾಗೇತಿ" ಎಂದು ಅವನು ಗುಡ್ಡ ಹತ್ತುವವರ ಮುಂದೆ ಹಣೆ ಚಚ್ಚಿಕೊಳ್ಳುತ್ತಾನೆ.

ಈ ಸಲ ಇನ್ನೊಂದು ಪೇಚು. ಕೆಂಚನಹಾಳದ ಶಾಲೆಯ ಹುಡುಗಿಯರೂ ಶಿಕ್ಷಕಿ ಅನ್ನಪೂರ್ಣ ಅವರ ಜೊತೆ ಬಂದಿದ್ದಾರೆ, ಮೊದಲ ಬಾರಿಗೆ. ಅವರ ಹಿಂದೆ, ತವರಿನ ಮಕ್ಕಳಿಗೆಂದು ಕಟ್ಟಿದ ಗಂಟು ಹೊತ್ತು, ಗಂಡನನ್ನು ನೋಡದೆ ಗುಡ್ಡ ಹತ್ತುತ್ತಿದ್ದಾಳೆ ದುರಗಮ್ಮ. ಅವನು ಹೊರಬಿದ್ದ ಮೇಲೆ ಒಲೆ ಹತ್ತಿಸಿರಬೇಕು.

ಬುರುಜು ಬರುತ್ತದೆ. ಸಮಿತಿಯ ಪಂಪಾಪತಿ ಮಾಸ್ತರರು ಹುಸೇನಪ್ಪನ ಕಿವಿಯಲ್ಲಿ, "ಖಡಕ್ಕಾಗಿ ಹೇಳಪಾ, ಜನ ಅದಕ್ಕ ಬಂದಾರ" ಎನ್ನುತ್ತಾರೆ. ಹಿಂದಿನಿಂದ ಯಾರೋ, "ಆ ಗದ್ದಾರರ ಕಥಿ ಆಗ್ಲಿ!" ಎಂದು ಕೂಗುತ್ತಾರೆ. ಮುಂದೆ ನಿಂತ ಹುಡುಗಿಯೊಬ್ಬಳು ಅಂಗಿಯ ಮೇಲಿನ, ಊರ ಹೆಸರಿರುವ ಶಾಲೆಯ ಬ್ಯಾಡ್ಜನ್ನು ಮೆಲ್ಲಗೆ ವೇಲಿನಿಂದ ಮುಚ್ಚಿಕೊಳ್ಳುತ್ತಾಳೆ. ಹುಸೇನಪ್ಪನಿಗೆ ಅದು ಕಾಣಿಸುತ್ತದೆ. ಅವನು ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಪಲ್ಟನ್ ಹತ್ತಿದ್ದು ಇಲ್ಲಿಂದ. ದಾರಿ ಯಾರು ತೋರ್ಸಿದ್ರು, ನಂಗ ಗೊತ್ತಿಲ್ಲ. ನಮ್ಮಜ್ಜಿ ಒಂದೂರಿನ ಹೆಸರು ಹೇಳ್ತಿದ್ಲು. ಮದ್ದಿನ ಕೋಣ್ಯಾಗಿಂದು ಲಡಾಯಿ ಮದ್ದಿನ ವಾಸನಿ ಅಂತಾನೂ ಆಕೀನ ಹೇಳ್ತಿದ್ಲು. ಕಂದೀಲು ಎತ್ತಿದ್ರ ಬಾವಲಿ ಇದ್ದವು. ಈ ದಾರಿ ಮಾತನ್ನ ಕಂದೀಲು ಎತ್ತಿ ನೋಡಿದವರು ಯಾರೂ ಇಲ್ರಿ. ಇಷ್ಟು ವರ್ಷ ಸುಮ್ಮನ ಹೇಳಿದ್ನಿ. ಇನ್ನ ಹೇಳಂಗಿಲ್ಲ."

ಚಪ್ಪಾಳೆ ಬೀಳುವುದಿಲ್ಲ. "ಉಪ್ಪಿಲ್ಲದ ಸಾರಾತಲ್ಲೋ" ಎಂದು ಯಾರೋ ಗೊಣಗುತ್ತಾರೆ. ಮಾಸ್ತರರ ಮುಖ ಗಂಟಾಗುತ್ತದೆ.

"ಮುಂದಿನ ವರ್ಷ ಬ್ಯಾರೆ ಯಾರನ್ನಾರ ನೋಡ್ತೀವಿ ಹುಸೇನಪ್ಪ."

"ನೋಡ್ರಿ, ನೋಡ್ರಿ. ಮುಳ್ಳು ಕಡ್ಯಾಕೂ ಅವನನ್ನ ಕರೀರಿ" ಎನ್ನುತ್ತಾನೆ ಹುಸೇನಪ್ಪ. ಆದರೆ ಅವನ ದನಿ ಸಣ್ಣದಾಗಿದೆ. ಈ ಗುಡ್ಡ ಹತ್ತಿಸುವುದನ್ನು ಬಿಟ್ಟರೆ ಅವನಿಗೆ ಬೇರೆ ಹಬ್ಬವಿಲ್ಲ.

ಮೇಲೆ ಮೈಕಿನಲ್ಲಿ ಉಪನ್ಯಾಸ ಶುರುವಾಗುತ್ತದೆ. ಬಂಡೆಯ ಸುತ್ತ ಕುಳಿತ ಹುಡುಗಿಯರಿಗೆ ದುರಗಮ್ಮ ಬುತ್ತಿ ಬಡಿಸುತ್ತಾಳೆ. ವೇಲು ಹಿಂದಕ್ಕೆ ಸರಿದು ಆ ಹುಡುಗಿಯ ಬ್ಯಾಡ್ಜು ಬಿಸಿಲಿಗೆ ಹೊಳೆಯುತ್ತಿದೆ. ಹುಸೇನಪ್ಪ ದೂರದಲ್ಲಿ, ಕೋಟೆಯ ನೀರಿನ ಹೊಂಡದ ಪಕ್ಕದ ನೆರಳಲ್ಲಿ, ಯಾರೋ ಎಸೆದ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಾನೆ.

ಎದುರಿಗೆ ಯಾರೋ ಬಂದು ನಿಂತಂತಾಗಿ ತಲೆ ಎತ್ತುತ್ತಾನೆ. ದುರಗಮ್ಮ ಅವನ ಕೈಯಿಂದ ಚೀಲ ತೆಗೆದು ಪಕ್ಕಕ್ಕಿಡುತ್ತಾಳೆ. ಚೊಂಬಿನ ನೀರು ಹನಿಸಿ ಕೈ ತೊಳೆಸುತ್ತಾಳೆ. ಶೇಂಗಾ ಹಿಂಡಿ, ಪುಂಡಿಪಲ್ಯ ಇಟ್ಟು ಮಡಚಿದ ಸಜ್ಜಿ ರೊಟ್ಟಿಯನ್ನು ಆ ಒದ್ದೆ ಕೈಯಲ್ಲಿಡುತ್ತಾಳೆ.